ದೇವರೇ ಆಳುವವನಾದರೆ ಭಯ ಯಾಕೆ ಹೋಗುವುದಿಲ್ಲ? ಮಳೆಗಾಲದ ಪಾಠಕ್ಕೆ ಸಹಾಯ ಬೇಕು

ಪ್ರಶ್ನೆ: ಮಾಲತಿತೀರ (ತೀರ್ಥಹಳ್ಳಿ ತಾಲೂಕು)

ಎಲ್ಲರಿಗೂ ವಂದನೆ. ನಮ್ಮ ಕಡೆಯ ಕ್ರೈಸ್ತ ಮನೆಕೂಟಗಳಲ್ಲಿ (ಮನೆಗಳಲ್ಲಿ ಸೇರುವ ಪ್ರಾರ್ಥನಾ ಕೂಟ) ಜೂನ್ ತಿಂಗಳ ಪಾಠಕ್ಕೆ ‘ದೇವರ ಸಾರ್ವಭೌಮತ್ವವನ್ನು ನಂಬಿ ಭಯವಿಲ್ಲದೆ ಬದುಕುವುದು’ ಎಂಬ ವಿಷಯ ಇಟ್ಟಿದ್ದಾರೆ. ಪಾಠ ನಡೆಸುವವರಿಗೆ ಟಿಪ್ಪಣಿ ಸಿದ್ಧ ಮಾಡುವ ಕೆಲಸ ನನ್ನದು. ದೇವರು ಎಲ್ಲವನ್ನೂ ಆಳುತ್ತಾನೆ ಎಂಬುದಕ್ಕೆ ಇಲ್ಲಿ ಯಾರದೂ ತಕರಾರಿಲ್ಲ. ತೊಡಕು ಶುರುವಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ.

ಇಲ್ಲಿನ ಭಯಗಳು ಯಾವುವು ಎಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ದರಗು (ಒಣ ಎಲೆ) ತರಲು ಸೊಪ್ಪಿನಬೆಟ್ಟದ ಕಾಡಿಗೆ ಹೋದರೆ ಮಂಗನ ಕಾಯಿಲೆಯ ಹೆದರಿಕೆ. ಮಳೆ ಹಿಡಿಯಿತೆಂದರೆ ಅಡಿಕೆಗೆ ಕೊಳೆರೋಗ, ಮನೆಯ ಹಿಂದಿನ ಧರೆ (ಕುಸಿಯಬಹುದಾದ ಮಣ್ಣಿನ ದಿಬ್ಬ), ಮಕ್ಕಳು ಹಳ್ಳ ದಾಟುವ ಕಾಲುಸಂಕ (ಮರದ ಕಿರುಸೇತುವೆ). ಇವೆಲ್ಲದರ ಹಿಂದೆ ಸೊಸೈಟಿ ಸಾಲ. ಕೂಟದಲ್ಲಿ ಈ ಮಾತು ಬಂದಾಗಲೆಲ್ಲ ಒಂದು ಪಕ್ಷ ‘ನಂಬಿಕೆ ಇದ್ದವನಿಗೆ ಭಯವೇ ಬರಬಾರದು, ಬಂದರೆ ಅದು ಅವಿಶ್ವಾಸ’ ಎನ್ನುತ್ತದೆ. ಇನ್ನೊಂದು ಪಕ್ಷದ್ದು ‘ದೇವರು ಬರೆದದ್ದು ತಪ್ಪುವುದಿಲ್ಲ, ಔಷಧಿ ಹೊಡೆದರೂ ಅಷ್ಟೇ, ಬಿಟ್ಟರೂ ಅಷ್ಟೇ’ ಎಂಬ ಮಾತು. ಎರಡೂ ಸರಿ ಅನಿಸುತ್ತಿಲ್ಲ. ಆದರೆ ಸತ್ಯವೇದದ (ಬೈಬಲ್) ವಾಕ್ಯದ ಆಧಾರದ ಮೇಲೆ ಬಿಡಿಸಿ ಹೇಳುವುದು ಹೇಗೆ? ಆಮೇಲೆ, ‘ದೇವರ ಮೇಲೆ ಹಾಕಿಬಿಡಿ’ ಎಂದು ಹೇಳುವುದು ಸುಲಭ. ಹಾಕುವುದು ಅಂದರೆ ಕೈಯಲ್ಲಿ ಏನು ಮಾಡುವುದು, ಬಾಯಲ್ಲಿ ಏನು ಹೇಳುವುದು? ಪಾಠ ಕೇಳಿದವರು ಮನೆಗೆ ಹೋಗಿ ಅದೇ ರಾತ್ರಿ ಮಾಡಬಹುದಾದ ಸಂಗತಿಗಳು ಬೇಕು.

---

ಸಾಗರದ ಉಪದೇಶಿ:

ನಿಮ್ಮ ಕೂಟದ ಎರಡು ಪಕ್ಷಗಳಿಗೂ ಒಂದೇ ಅಧ್ಯಾಯ ಸಾಕು. ಅಪೊಸ್ತಲರ ಕೃತ್ಯಗಳು 27. ಕೀರ್ತನೆಗಳಿಂದ ಪಾಠ ಶುರು ಮಾಡುವುದು ರೂಢಿ, ಆದರೆ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ಭಾಗ ಇನ್ನೊಂದಿಲ್ಲ.

ಅಪೊಸ್ತಲ ಪೌಲ ಕೈದಿ, ರೋಮಿಗೆ ಹೋಗುವ ಹಡಗಿನಲ್ಲಿದ್ದಾನೆ. ಬಹಳ ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರವೂ ಕಾಣಲಿಲ್ಲ, ಬದುಕುವ ಆಸೆಯನ್ನೇ ಎಲ್ಲರೂ ಬಿಟ್ಟರು ಎಂದು 20ನೇ ವಚನ ಹೇಳುತ್ತದೆ. ಆಗ ದೇವದೂತನ ಮೂಲಕ ಮಾತು ಬರುತ್ತದೆ: ಹೆದರಬೇಡ, ನೀನು ಕೈಸರನ (ರೋಮಿನ ಚಕ್ರವರ್ತಿ) ಮುಂದೆ ನಿಲ್ಲಲೇಬೇಕು, ನಿನ್ನ ಜೊತೆ ಪ್ರಯಾಣ ಮಾಡುವವರೆಲ್ಲರ ಪ್ರಾಣವನ್ನೂ ದೇವರು ನಿನಗೆ ಕೊಟ್ಟಿದ್ದಾನೆ. ಹಡಗು ಹೋಗುತ್ತದೆ, ಜೀವ ಒಂದೂ ಹೋಗುವುದಿಲ್ಲ. ಇದಕ್ಕಿಂತ ಖಚಿತವಾದ ವಾಗ್ದಾನ ಯಾರಿಗೂ ಬೇಕಾಗಿಲ್ಲ. ಫಲಿತಾಂಶ ಮೊದಲೇ ತೀರ್ಮಾನವಾಗಿದೆ.

ಈಗ ಮುಂದೆ ಏನಾಗುತ್ತದೆ ನೋಡಿ. ಹದಿನಾಲ್ಕನೆಯ ರಾತ್ರಿ ನಾವಿಕರು ಆಳ ಅಳೆಯುತ್ತಾರೆ, 20 ಮಾರು. ಸ್ವಲ್ಪ ಮುಂದೆ ಮತ್ತೆ ಅಳೆದರೆ 15 ಮಾರು. ಬಂಡೆಗೆ ಬಡಿಯುತ್ತೇವೆಂದು ಹಡಗಿನ ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿ ಬೆಳಗಾಗಲಿ ಎಂದು ಹಾರೈಸುತ್ತಾರೆ. ಅಷ್ಟರಲ್ಲಿ ಕೆಲವು ನಾವಿಕರು ಮುಂಭಾಗದಿಂದಲೂ ಲಂಗರು ಹಾಕುವ ನೆವದಲ್ಲಿ ದೋಣಿ ಇಳಿಸಿ ಓಡಿಹೋಗಲು ನೋಡುತ್ತಾರೆ. ‘ಯಾರ ಜೀವವೂ ಹೋಗುವುದಿಲ್ಲ’ ಎಂದು ಹೇಳಿದ್ದ ಪೌಲನೇ ಶತಾಧಿಪತಿಗೆ ಹೇಳುತ್ತಾನೆ: ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕಲಾರಿರಿ (31ನೇ ವಚನ). ಸಿಪಾಯಿಗಳು ದೋಣಿಯ ಹಗ್ಗ ಕತ್ತರಿಸುತ್ತಾರೆ.

ನಿಮ್ಮ ಎರಡನೇ ಪಕ್ಷಕ್ಕೆ ಉತ್ತರ ಇಲ್ಲೇ ಇದೆ. ದೇವರು ಕೊನೆಯನ್ನು ನಿರ್ಣಯಿಸಿದಾಗ ಅಲ್ಲಿಗೆ ಹೋಗುವ ದಾರಿಯನ್ನೂ ನಿರ್ಣಯಿಸಿದ್ದಾನೆ. ನಾವಿಕರ ಕೈಕೆಲಸ, ಲಂಗರು, ಆಳ ಅಳೆಯುವ ಹಗ್ಗ ಇವೆಲ್ಲ ಆ ನಿರ್ಣಯದ ಒಳಗೇ ಇವೆ. ‘ಹಣೆಬರಹ’ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಪಾಠದಲ್ಲಿ ಸ್ಪಷ್ಟವಾಗಿ ಬರಲಿ. ಹಣೆಬರಹಕ್ಕೆ ಕಿವಿ ಇಲ್ಲ, ಅದರ ಹತ್ತಿರ ಬೇಡಿಕೊಳ್ಳಲು ಆಗುವುದಿಲ್ಲ, ನಾವು ಏನು ಮಾಡಿದರೂ ಅದಕ್ಕೆ ಲೆಕ್ಕವಿಲ್ಲ. ಸತ್ಯವೇದ ಹೇಳುವ ಸಾರ್ವಭೌಮತ್ವ ಒಬ್ಬ ತಂದೆಯದು. ಅವನು ಕೇಳುತ್ತಾನೆ, ನಮ್ಮ ಕೈಗಳನ್ನು ಬಳಸುತ್ತಾನೆ.

ಮೊದಲ ಪಕ್ಷಕ್ಕೂ ಒಂದು ಮಾತು. ‘ಹೆದರಬೇಡ’ ಎಂಬ ಮಾತು ಸತ್ಯವೇದದಲ್ಲಿ ಬರುವುದೇ ಹೆದರಿದವರಿಗೆ. ದೂತನು ಪೌಲನಿಗೆ ಆ ಮಾತು ಹೇಳಿದನೆಂದರೆ ಪೌಲನಿಗೂ ಅದು ಬೇಕಾಗಿತ್ತು ಎಂದೇ ಅರ್ಥ. ಕೀರ್ತನೆ 56ರಲ್ಲಿ ದಾವೀದನು ‘ನನಗೆ ಭಯವೇ ಇಲ್ಲ’ ಎನ್ನುವುದಿಲ್ಲ, ಭಯವುಂಟಾದಾಗ ನಿನ್ನನ್ನು ನಂಬುತ್ತೇನೆ ಎನ್ನುತ್ತಾನೆ. ಅದೂ ಗತ್ ಊರಿನಲ್ಲಿ ಫಿಲಿಷ್ಟಿಯರ ಕೈಗೆ ಸಿಕ್ಕಿದ ಹೊತ್ತಿನಲ್ಲಿ. ಭಯ ಹುಟ್ಟುವುದು ಪಾಪವಲ್ಲ. ಅದು ಹುಟ್ಟಿದಾಗ ಯಾರ ಕಡೆ ತಿರುಗುತ್ತೇವೆ ಎಂಬುದರಲ್ಲಿ ನಂಬಿಕೆ ಕಾಣುತ್ತದೆ. ಹೀಗೆ ಹೇಳದಿದ್ದರೆ ಭಯಪಟ್ಟವರು ಕೂಟದಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ, ಮೊದಲಿದ್ದ ಭಯದ ಮೇಲೆ ‘ನನಗೆ ನಂಬಿಕೆ ಇಲ್ಲವೇನೋ’ ಎಂಬ ಇನ್ನೊಂದು ಭಯ ಕೂಡಿಕೊಳ್ಳುತ್ತದೆ.

35ನೇ ವಚನವನ್ನು ಬಿಡಬೇಡಿ. ಹಡಗು ಇನ್ನೂ ಹೊಯ್ದಾಡುತ್ತಿರುವಾಗಲೇ ಪೌಲ ಎಲ್ಲರೆದುರು ದೇವರಿಗೆ ಸ್ತೋತ್ರ ಹೇಳಿ ರೊಟ್ಟಿ ಮುರಿದು ತಿನ್ನುತ್ತಾನೆ. 276 ಜನ ಧೈರ್ಯ ತಂದುಕೊಂಡು ಊಟ ಮಾಡುತ್ತಾರೆ. ಆ ಹೊತ್ತಿಗೆ ಬಿರುಗಾಳಿ ನಿಂತಿರಲಿಲ್ಲ, ದಡ ಕಂಡಿರಲಿಲ್ಲ. ಕೊನೆಗೆ ಹಡಗು ಒಡೆದು, ಈಜು ಬಲ್ಲವರು ಈಜಿ, ಉಳಿದವರು ಹಲಗೆ ಹಿಡಿದು ದಡ ಸೇರುತ್ತಾರೆ. ದೇವರ ವಾಗ್ದಾನ ನೆರವೇರಿದ್ದು ಒದ್ದೆ ಬಟ್ಟೆಯಲ್ಲಿ, ಹಲಗೆಯ ಮೇಲೆ.

---

ಅಡಿಕೆ ಸೀಮೆ (ಹೊಸನಗರ):

ಉಪದೇಶಿಗಳ ಮಾತಿಗೆ ತೋಟದ ಕಡೆಯಿಂದ ಸೇರಿಸುತ್ತೇನೆ. ‘ಕೈಯಲ್ಲಿ ಏನು ಮಾಡುವುದು’ ಎಂದು ಕೇಳಿದ್ದೀರಲ್ಲ, ನೆಹೆಮೀಯ 4:9ರಲ್ಲಿ ಅದಕ್ಕೆ ಒಂದೇ ಸಾಲಿನ ಉತ್ತರವಿದೆ: ವೈರಿಗಳ ಬೆದರಿಕೆ ಬಂದಾಗ ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದವರು ದೇವರಿಗೆ ಮೊರೆಯಿಟ್ಟರು, ಹಗಲೂ ರಾತ್ರಿ ಕಾವಲೂ ಇಟ್ಟರು. ಎರಡರ ನಡುವೆ ‘ಆದರೆ’ ಇಲ್ಲ, ಸಮಾಧಾನ ಹೇಳುವುದೂ ಇಲ್ಲ. ಪಾಠ ಕೇಳುವವರ ಕೈಗೆ ಒಂದು ಹಾಳೆ ಕೊಡಿ. ನಡುವೆ ಗೆರೆ ಎಳೆದು ಒಂದು ಕಡೆ ನಮ್ಮ ಪಾಲು, ಇನ್ನೊಂದು ಕಡೆ ದೇವರ ಪಾಲು ಬರೆಯಲಿ. ಪ್ರತಿ ಭಯಕ್ಕೂ ಬೇರೆ ಹಾಳೆ ಇರಲಿ. ಎಲ್ಲ ಭಯವನ್ನೂ ಒಂದೇ ಹಾಳೆಯಲ್ಲಿ ತುಂಬಿಸಿದರೆ ಅದು ಪಟ್ಟಿಯಾಗುತ್ತದೆ, ಪಟ್ಟಿ ನೋಡಿದರೇ ಎದೆ ಹೊಡೆದುಕೊಳ್ಳುತ್ತದೆ.

ಕೊಳೆರೋಗ ತೆಗೆದುಕೊಳ್ಳಿ. ನಮ್ಮ ಪಾಲಿನಲ್ಲಿ ಬರುವುದು: ಮಳೆ ಹಿಡಿಯುವ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ, 40-45 ದಿನ ಬಿಟ್ಟು ಎರಡನೆಯದು. ಒಂದು ಕೆಜಿ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಿರಲಿ, ಕಬ್ಬಿಣದ್ದು ಬೇಡ. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನ ಸುರಿಯುತ್ತಾ ಕಲಕಬೇಕು. ಹೊಳೆಯುವ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ, ಲೇಪ ಕಾಣದಂತಾಗುವ ತನಕ ಸುಣ್ಣದ ನೀರು ಸೇರಿಸಬೇಕು. ಮಾಡಿದ ದಿನವೇ ಬಳಸಬೇಕು, ಮರುದಿನಕ್ಕೆ ಇಟ್ಟದ್ದು ಹಿಡಿಯುವುದಿಲ್ಲ. ತೋಟದ ಅಗಳದಲ್ಲಿ (ಬಸಿಗಾಲುವೆ) ನೀರು ನಿಲ್ಲದಂತೆ ಬಿಡಿಸಬೇಕು, ಉದುರಿದ ಕೊಳೆಗಾಯಿ ಹೆಕ್ಕಿ ತೋಟದಿಂದ ಹೊರಗೆ ಹಾಕಬೇಕು. ಅಡಿಕೆ ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುವವರು ಮಳೆಗೆ ಮೊದಲೇ ಕಟ್ಟಿ ಮುಗಿಸಬೇಕು.

ದೇವರ ಪಾಲು: ಮಳೆ ಎಷ್ಟು ದಿನ ಬಿಡದೆ ಹೊಯ್ಯುತ್ತದೆ, ಎರಡು ಸಿಂಪಡಣೆ ನಡುವೆ ಹೊಳವು (ಮಳೆಯ ಬಿಡುವು) ಸಿಗುತ್ತದೋ ಇಲ್ಲವೋ, ರೇಟು ಎಷ್ಟಾಗುತ್ತದೆ.

ರಾತ್ರಿ ನಿದ್ದೆ ಕೆಡಿಸುವುದು ಹೆಚ್ಚಾಗಿ ಈ ಎರಡನೇ ಪಾಲು. ಅದನ್ನು ನಾವು ತೆಗೆದುಕೊಂಡು ಹೊರಳಾಡುತ್ತೇವೆ, ಮೊದಲ ಪಾಲಿನ ಕೆಲಸ ಅರ್ಧಕ್ಕೆ ನಿಂತಿರುತ್ತದೆ. ಹಾಳೆ ಬರೆದಾಗ ಇದು ಕಣ್ಣಿಗೆ ಬೀಳುತ್ತದೆ. ನಮ್ಮ ಪಾಲಿನಲ್ಲಿ ಉಳಿದ ಕೆಲಸಕ್ಕೆ ದಿನ ಗುರುತು ಹಾಕಿ. ದೇವರ ಪಾಲಿನಲ್ಲಿ ಬರೆದದ್ದನ್ನು ಒಂದೊಂದಾಗಿ ಓದಿ ಅಲ್ಲೇ ಪ್ರಾರ್ಥನೆ ಮಾಡಿ.

ಧರೆಯ ಭಯಕ್ಕೂ ಇದೇ ಕ್ರಮ. ಧರೆಯ ಮೇಲ್ಭಾಗದಲ್ಲಿ ಹೊಸ ಬಿರುಕು, ವಾಲುತ್ತಿರುವ ಮರ, ತಿಳಿ ಬರುತ್ತಿದ್ದ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಸರು, ಸರಿಯಾಗಿದ್ದ ಬಾಗಿಲು ಕಚ್ಚಿಕೊಳ್ಳುವುದು, ಇವು ಗುರುತು. ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿ ಆ ಮನೆಯಲ್ಲಿ ಮಲಗುವುದು ನಂಬಿಕೆಯ ಲಕ್ಷಣವಲ್ಲ. ಧರೆಯ ಮೇಲಿನಿಂದ ನೀರು ಒಳಗಿಳಿಯದಂತೆ ಬದಿಗೆ ಕಾಲುವೆ ತೆಗೆಯುವುದು ಮೇ ತಿಂಗಳ ಕೆಲಸ. 24 ಗಂಟೆಯಲ್ಲಿ 204.4 ಮಿ.ಮೀ. ದಾಟುವ ಮಳೆಗೆ ಹವಾಮಾನ ಇಲಾಖೆ ‘ಅತ್ಯಂತ ಭಾರಿ’ ಎನ್ನುತ್ತದೆ. ಕೆಂಪು ಎಚ್ಚರಿಕೆ ಬಂದ ರಾತ್ರಿ ಯಾರ ಮನೆಗೆ ಹೋಗುವುದು ಎಂದು ಮೊದಲೇ ಮಾತಾಡಿಟ್ಟುಕೊಂಡರೆ ಅರ್ಧ ಭಯ ಆಗಲೇ ಇಳಿಯುತ್ತದೆ.

---

ಭದ್ರೆಯ ದಂಡೆ (ಭದ್ರಾವತಿ):

ಹಾಳೆಯ ಕ್ರಮ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ. ನಮ್ಮ ಪಾಲು, ದೇವರ ಪಾಲು ಎಂದು ಗೆರೆ ಎಳೆದಾಗ ನಮ್ಮ ಪಾಲಿನಲ್ಲಿ ದೇವರಿಲ್ಲ ಎಂಬ ಅರ್ಥ ಬಂದುಬಿಡಬಾರದು. ಎರಡೂ ಪಾಲಿನ ಮೇಲೆ ಆಳುವವನು ಅವನೇ. ಗೆರೆ ಇರುವುದು ನಮ್ಮ ಜವಾಬ್ದಾರಿ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಲಿಕ್ಕೆ. ಸಿಂಪಡಣೆ ಸರಿಯಾಗಿ ಮಾಡಿಯೂ ಕೊಳೆ ಬಂದರೆ, ಈ ಅರ್ಥ ತಪ್ಪಾಗಿ ಹಿಡಿದವರು ‘ನನ್ನ ಪಾಲಿನಲ್ಲೇ ಏನೋ ತಪ್ಪಿತು’ ಎಂದು ತಮ್ಮನ್ನೇ ಹಿಂಸಿಸಿಕೊಳ್ಳುತ್ತಾರೆ.

ಪಾಠದಲ್ಲಿ ಕೀರ್ತನೆ 91 (ದೇವರು ತನ್ನವರನ್ನು ವ್ಯಾಧಿ, ಅಪಾಯಗಳಿಂದ ಕಾಯುತ್ತಾನೆ ಎಂಬುದು) ಖಂಡಿತ ಬರುತ್ತದೆ. ಮಲೆನಾಡಿನಲ್ಲಿ ಮನೆ ಬಾಗಿಲ ಮೇಲೂ ಅದೇ, ಜೀಪಿನ ಗಾಜಿನ ಮೇಲೂ ಅದೇ. ಆ ಕೀರ್ತನೆಯನ್ನು ಸೈತಾನನು ಯೇಸುವಿಗೆ ಉದಾಹರಿಸಿದ್ದನ್ನು (ಮತ್ತಾಯ 4:6) ಜೊತೆಯಲ್ಲೇ ಓದಿಸಿ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಬರೆದಿದೆಯಲ್ಲ, ಎಂಬುದು ಅವನ ವಾದ. ನಿನ್ನ ದೇವರನ್ನು ಪರೀಕ್ಷಿಸಬೇಡ ಎಂದು ಯೇಸು ಉತ್ತರ ಕೊಡುತ್ತಾನೆ. ವಾಕ್ಯ ಸರಿಯಿದೆ, ಬಳಕೆ ತಪ್ಪು. ಮೈಗೆ ಎಣ್ಣೆ ಹಚ್ಚದೆ, ಮಂಗನ ಕಾಯಿಲೆ ತರುವ ಉಣುಗಿನ (ರಕ್ತ ಹೀರುವ ಸಣ್ಣ ಹುಳ) ಕಾಡಿಗೆ ಹೋಗಿ ‘ಕೀರ್ತನೆ 91 ಇದೆ’ ಎನ್ನುವುದು ಅದೇ ಶಿಖರದ ಮೇಲೆ ನಿಂತ ಹಾಗೆ.

ಇನ್ನೊಂದು ಕಡೆ, ಆ ಕೀರ್ತನೆಯನ್ನು ವಿಮೆ ಪತ್ರದ ಹಾಗೆ ಕಲಿಸಿದರೆ ಮೊದಲ ಸಾವಿನ ಮನೆಯಲ್ಲೇ ಪಾಠ ಕುಸಿದು ಬೀಳುತ್ತದೆ. ಇಬ್ರಿಯ 11ನ್ನು ನಿಧಾನ ಓದಿ. 34ನೇ ವಚನದಲ್ಲಿ ನಂಬಿಕೆಯಿಂದ ಕೆಲವರು ಕತ್ತಿಯ ಬಾಯಿಂದ ತಪ್ಪಿಸಿಕೊಂಡರು. 37ರಲ್ಲಿ ಕೆಲವರು ಕತ್ತಿಯಿಂದಲೇ ಸತ್ತರು. ನಂಬಿಕೆ ಎರಡೂ ಕಡೆ ಒಂದೇ. ಬಾಬೆಲಿನಲ್ಲಿ ಶದ್ರಕ್, ಮೇಶಕ್, ಅಬೇದ್ನೆಗೋ, ಪ್ರತಿಮೆಗೆ ಅಡ್ಡಬೀಳದಿದ್ದರೆ ಬೆಂಕಿಗೆ ಹಾಕುತ್ತೇನೆ ಎಂದ ಅರಸನಿಗೆ ಕೊಟ್ಟ ಉತ್ತರ (ದಾನಿಯೇಲ 3:17-18) ಈ ಪಾಠದ ನಡುಗಂಬ. ನಮ್ಮ ದೇವರು ಬಿಡಿಸಲು ಶಕ್ತನು, ಬಿಡಿಸದಿದ್ದರೂ ನಿನ್ನ ಪ್ರತಿಮೆಗೆ ಅಡ್ಡಬೀಳುವುದಿಲ್ಲ. ಆ ‘ಬಿಡಿಸದಿದ್ದರೂ’ ಎಂಬುದನ್ನು ಹೇಳಲು ಬಂದ ಮೇಲೆ ಬೆಂಕಿಗೆ ಅವರ ಮೇಲೆ ಹಿಡಿತ ಉಳಿಯಲಿಲ್ಲ. ಭಯವಿಲ್ಲದ ಬದುಕು ಎಂದರೆ ನಾನು ಹೆದರುವ ಸಂಗತಿ ನಡೆಯುವುದೇ ಇಲ್ಲ ಎಂಬ ಖಾತ್ರಿಯಲ್ಲ. ನಡೆದರೂ ನಾನು ಅವನ ಕೈಯಿಂದ ಜಾರಿ ಹೋಗುವುದಿಲ್ಲ ಎಂಬ ಖಾತ್ರಿ ಅದು. ರೋಮಾಪುರದವರಿಗೆ 8:38-39 ಇದನ್ನೇ ಹೇಳುತ್ತದೆ, ಅಲ್ಲಿ ದೇವರ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದವುಗಳ ಪಟ್ಟಿಯಲ್ಲಿ ಪೌಲ ಮರಣವನ್ನೂ ಸೇರಿಸಿದ್ದಾನೆ.

1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರದ (ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ-ಉತ್ತರಗಳಲ್ಲಿ ಕಲಿಸುವ ಹಳೆಯ ಪುಸ್ತಕ) 27 ಮತ್ತು 28ನೇ ಪ್ರಶ್ನೆಗಳನ್ನು ಹಿರಿಯರಿಗೆ ಓದಿಸಿ. ಮಳೆ-ಬರ, ಫಲದ ವರ್ಷ-ಬಂಜೆ ವರ್ಷ, ಆರೋಗ್ಯ-ಕಾಯಿಲೆ, ಸಿರಿತನ-ಬಡತನ ಇವೆಲ್ಲ ಆಕಸ್ಮಿಕವಾಗಿ ಬರದೆ ತಂದೆಯ ಕೈಯಿಂದ ಬರುತ್ತವೆ ಎಂದು 27 ಹೇಳುತ್ತದೆ. ಇದನ್ನು ತಿಳಿದರೆ ಏನು ಲಾಭ ಎಂದು 28 ಕೇಳುತ್ತದೆ: ಕಷ್ಟದಲ್ಲಿ ತಾಳ್ಮೆ, ಸುಖದಲ್ಲಿ ಕೃತಜ್ಞತೆ, ಮುಂದಿನದರ ಬಗ್ಗೆ ಭರವಸೆ. ರೈತರಿಗೆಂದೇ ಬರೆದ ಹಾಗಿದೆ.

‘ಸತ್ಯವೇದದಲ್ಲಿ ಹೆದರಬೇಡ ಎಂದು 365 ಸಲ ಇದೆ, ದಿನಕ್ಕೊಂದು’ ಎಂಬ ಸಂದೇಶ ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. ಆ ಲೆಕ್ಕ ಸರಿಯಿಲ್ಲ, ಟಿಪ್ಪಣಿಯಲ್ಲಿ ಹಾಕಬೇಡಿ. ಒಂದೇ ಸಲ ಹೇಳಿದ್ದರೂ ಸಾಕಾಗಿತ್ತು.

---

ಮೆಗ್ಗಾನ್ ರಸ್ತೆ (ಶಿವಮೊಗ್ಗ, ಶುಶ್ರೂಷೆಯ ಕೆಲಸ):

ದೇಹದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 1 ಅರಸುಗಳು 19ರಲ್ಲಿ ಎಲೀಯನು ಈಜೆಬೆಲಳ ಬೆದರಿಕೆಗೆ ಹೆದರಿ ಓಡಿ, ಮರದ ಕೆಳಗೆ ಕುಳಿತು ಸಾಯಬೇಕೆಂದು ಬೇಡುತ್ತಾನೆ. ದೇವರು ಮೊದಲು ಉಪದೇಶ ಮಾಡಲಿಲ್ಲ. ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಮಾತು ಶುರುವಾಗುವುದು ಆಮೇಲೆ, ಹೋರೇಬಿನಲ್ಲಿ. ಹೆದರಿ ನಡುಗುತ್ತಿರುವವರ ಮನೆಗೆ ಪ್ರಾರ್ಥನೆಗೆ ಹೋಗುವವರು ಗಂಜಿಯೋ ದೋಸೆಯೋ ಕಟ್ಟಿಕೊಂಡು ಹೋಗಲಿ.

ಭಯ ಎಲ್ಲಿಯವರೆಗೆ ಸಾಧಾರಣ, ಎಲ್ಲಿ ಕಾಯಿಲೆ ಎಂದು ಪಾಠ ನಡೆಸುವವರಿಗೆ ತಿಳಿದಿರಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ ಕೆಡುವುದು, ಊಟ ಸೇರದಿರುವುದು, ಕಾರಣವಿಲ್ಲದೆ ಎದೆ ಡವಗುಟ್ಟಿ ಉಸಿರು ಕಟ್ಟಿದಂತಾಗುವುದು, ತೋಟಕ್ಕೋ ಅಂಗಡಿಗೋ ಹೋಗಲೂ ಆಗದಿರುವುದು, ಭಯ ತಡೆಯಲು ಕುಡಿತ ಹಿಡಿಯುವುದು, ಇವು ಕಂಡರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಎದೆನೋವು ಮೊದಲ ಸಲ ಬಂದಿದ್ದರೆ ‘ಇದು ಬರೀ ಭಯ’ ಎಂದು ನೀವೇ ತೀರ್ಮಾನಿಸಬೇಡಿ, ಹೃದಯ ಪರೀಕ್ಷೆ ಆಗಲಿ. ಸಾಯುವ ಮಾತು ಆಡಿದರೆ ಆ ರಾತ್ರಿ ಒಬ್ಬರನ್ನೇ ಬಿಡಬಾರದು, ತೋಟದ ಔಷಧಿಗಳನ್ನು ಮನೆಯಿಂದ ಹೊರಗೆ ಸಾಗಿಸಿ ಬೀಗ ಹಾಕಬೇಕು. ಸಾಲದ ಭಯ ಇರುವ ಮನೆಗಳಲ್ಲಿ ಇದು ಬಹಳ ಮುಖ್ಯ. ಟೆಲಿ ಮಾನಸ್ 14416 ಉಚಿತ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಮಾತ್ರೆ ತೆಗೆದುಕೊಳ್ಳುವವರಿಗೆ ‘ನಂಬಿಕೆಯಿಂದ ನಿಲ್ಲಿಸಿ’ ಎಂದು ಯಾರೂ ಹೇಳಬಾರದು. ಆತಂಕಕ್ಕೆ ಕೊಡುವ ಮಾತ್ರೆಗಳು ಕೆಲಸ ಶುರು ಮಾಡಲು ಸಾಮಾನ್ಯವಾಗಿ ಕೆಲವು ವಾರ ಬೇಕು, ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಳಮಳ, ನಿದ್ದೆಗೇಡು ಮರುಕಳಿಸುತ್ತವೆ. ಬೋರ್ಡೋ ದ್ರಾವಣದ ಹಾಗೆ ಮಾತ್ರೆಯೂ ನಮ್ಮ ಪಾಲಿನ ಕೆಲಸವೇ.

ಮಂಗನ ಕಾಯಿಲೆಯ ಬಗ್ಗೆ ಹೆದರಿಕೆಗಿಂತ ತಿಳಿವಳಿಕೆ ಹಂಚಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು. ಉಣುಗು ಕಚ್ಚುವುದರಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹೀಗಾಗಿ ಕಾಯಿಲೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥಿಸಲು ಹಿಂಜರಿಯಬೇಕಾಗಿಲ್ಲ. ಹೆಚ್ಚು ಕಾಣುವುದು ಡಿಸೆಂಬರಿನಿಂದ ಮೇವರೆಗೆ. ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ, ಉಣುಗನ್ನು ದೂರವಿಡುವ ಡೀಪಾ ತೈಲವನ್ನು ಕೈಕಾಲಿಗೆ ಹಚ್ಚಬೇಕು, ಮೈತುಂಬ ಬಟ್ಟೆ ಹಾಕಬೇಕು. ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿಗೆ ಹೋಗಿ ಬಂದ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಬೇಕು. ಅದಕ್ಕೆಂದೇ ಇರುವ ಔಷಧಿ ಇಲ್ಲದ ಕಾರಣ ಬೇಗ ದಾಖಲಾಗುವುದು ಮುಖ್ಯ.

---

ಮಾಲತಿತೀರ:

ಎಲ್ಲರಿಗೂ ಧನ್ಯವಾದ. ಕೃತ್ಯಗಳು 27ನ್ನೇ ಮೊದಲ ವಾರಕ್ಕೆ ಇಡುತ್ತೇವೆ, ಹಾಳೆಯ ಕೆಲಸ ಎರಡನೇ ವಾರಕ್ಕೆ. ಆದರೆ ‘ದೇವರ ಪಾಲಿನದನ್ನು ಓದಿ ಅಲ್ಲೇ ಪ್ರಾರ್ಥಿಸಿ’ ಎಂದಿದ್ದೀರಿ. ಹಲವರು ಪ್ರಾರ್ಥನೆ ಮಾಡಿದ ಮೇಲೆ ಭಯ ಇನ್ನೂ ಜಾಸ್ತಿಯಾಗುತ್ತದೆ ಎನ್ನುತ್ತಾರೆ. ಕಣ್ಣು ಮುಚ್ಚಿದರೆ ಅದೇ ಯೋಚನೆ. ಅವರಿಗೆ ಏನು ಹೇಳುವುದು?

---

ಸಾಗರದ ಉಪದೇಶಿ:

ಇದು ನಿಜವಾದ ತೊಂದರೆ. ಕಾರಣವೂ ಸರಳ. ಅವರು ದೇವರ ಹೆಸರು ಹೇಳಿ ಶುರು ಮಾಡಿ, ಆಮೇಲೆ ಅರ್ಧ ಗಂಟೆ ಭಯವನ್ನೇ ವಿವರಿಸುತ್ತಾರೆ. ಕೊನೆಗೆ ‘ಆಮೆನ್’. ಅಲ್ಲಿ ಕೇಳುವವನನ್ನು ನೋಡಿದ್ದು ಒಂದು ನಿಮಿಷ, ಭಯವನ್ನು ನೋಡಿದ್ದು ಇಪ್ಪತ್ತೊಂಬತ್ತು ನಿಮಿಷ.

ಕೀರ್ತನೆ 13ರ ಜಾಡಿನಲ್ಲಿ ಪ್ರಾರ್ಥಿಸಲು ಕಲಿಸಿ. ಆರೇ ವಚನ. ಮೊದಲ ಎರಡು ವಚನದಲ್ಲಿ ದೂರು, ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತಾನೆ. 3-4ರಲ್ಲಿ ಬೇಡಿಕೆ. 5-6ರಲ್ಲಿ ನಿನ್ನ ಕೃಪೆಯಲ್ಲಿ ಭರವಸೆ ಇಟ್ಟಿದ್ದೇನೆ ಎಂದು ತಿರುಗುತ್ತಾನೆ. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಜಾಗ. ಹಾಳೆಯಲ್ಲಿ ಹೀಗೆ ಬರೆಸಿ: ಎರಡು ಸಾಲು ದೂರು, ಸೌಮ್ಯ ಮಾಡದೆ, ಭಯದ ಹೆಸರು ಹೇಳಿ. ‘ಕಷ್ಟಗಳನ್ನು ಪರಿಹರಿಸು’ ಎಂದು ಬರೆದರೆ ಆಗದು, ‘ಹಿಂದಿನ ಧರೆ ಕುಸಿದರೆ ಮಕ್ಕಳಿಗೆ ಏನಾಗುತ್ತದೋ ಎಂದು ಹೆದರಿಕೆ’ ಎಂದು ಬರೆಯಬೇಕು. ಎರಡು ಸಾಲು ಬೇಡಿಕೆ. ಎರಡು ಸಾಲು ದೇವರು ಯಾರು ಎಂಬುದು, ಒಂದು ವಾಕ್ಯದ ಮೇಲೆ ನಿಂತು. ಐದು ಗುಬ್ಬಿಗಳನ್ನು ಎರಡು ಕಾಸಿಗೆ ಮಾರುತ್ತಾರೆ ಎಂಬ ಲೂಕ 12:6 ಇದಕ್ಕೆ ಒಳ್ಳೆಯದು. ಮತ್ತಾಯ 10:29ರಲ್ಲಿ ಕಾಸಿಗೆ ಎರಡು. ಎರಡು ಕಾಸು ಕೊಟ್ಟವನಿಗೆ ಐದನೆಯದು ಪುಕ್ಕಟೆ. ಆ ಬೆಲೆಯಿಲ್ಲದ ಐದನೇ ಗುಬ್ಬಿಯನ್ನೂ ದೇವರು ಮರೆತಿಲ್ಲ. ಅಲ್ಲಿಗೆ ನಿಲ್ಲಿಸಬೇಕು, ಮತ್ತೆ ದೂರಿಗೆ ಹಿಂತಿರುಗಬಾರದು.

ಹೊತ್ತು ಕೂಡ ಮುಖ್ಯ. ಇದನ್ನು ಮಲಗುವ ಹೊತ್ತಿಗೆ ಇಡಬೇಡಿ, ದೀಪ ಹಚ್ಚಿದ ಮೇಲೆ ಊಟಕ್ಕೆ ಮೊದಲು ಮಾಡಲಿ. ಮಲಗುವಾಗ ಸಮಾಧಾನದಿಂದ ಮಲಗಿ ನಿದ್ದೆಮಾಡುತ್ತೇನೆ ಎಂಬ ಕೀರ್ತನೆ 4ರ 8ನೇ ವಚನ ಒಂದೇ ಸಾಕು, ಬಾಯಿಪಾಠ. ನಡುರಾತ್ರಿ ಎಚ್ಚರವಾದರೆ ಹೊಸ ಪ್ರಾರ್ಥನೆ ಕಟ್ಟಬೇಕಾಗಿಲ್ಲ, ಅದೇ ವಚನವನ್ನು ಮೆಲ್ಲಗೆ ಹೇಳಿಕೊಂಡರಾಯಿತು. ಒಂದೇ ಮಾತು ಹೇಳಿದರೆ ವ್ಯರ್ಥವೇ ಎಂದು ಕೆಲವರು ಅನುಮಾನಿಸುತ್ತಾರೆ. ಗೆತ್ಸೆಮನೆಯಲ್ಲಿ ಯೇಸು ಮೂರನೇ ಸಲವೂ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದನು (ಮತ್ತಾಯ 26:44). ಮಳೆಯ ರಾತ್ರಿ ಧರೆ ಕುಸಿತದ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡುತ್ತಾ ಮಲಗುವವರಿಗೆ ಯಾವ ವಚನವೂ ನಿಲ್ಲುವುದಿಲ್ಲ. ಎಚ್ಚರಿಕೆಯ ಸುದ್ದಿಯನ್ನು ಸಂಜೆ ಒಮ್ಮೆ ನೋಡಿ, ಕರೆ ಬಂದರೆ ಕೇಳುವಂತೆ ಮಾತ್ರ ಇಟ್ಟು, ಫೋನನ್ನು ಹಾಸಿಗೆಯಿಂದ ದೂರ ಇಡಲಿ.

ಫಿಲಿಪ್ಪಿಯವರಿಗೆ 4:6ನ್ನು ಕಲಿಸುವಾಗ ಅದೇ ಪತ್ರದ 2:27-28ನ್ನೂ ತೋರಿಸಿ. ಚಿಂತಿಸಬೇಡಿರಿ ಎಂದು ಬರೆದ ಪೌಲನೇ, ಸಾಯುವಷ್ಟು ಕಾಯಿಲೆ ಬಿದ್ದಿದ್ದ ಜೊತೆಗಾರ ಎಪಫ್ರೊದೀತನ ಬಗ್ಗೆ, ದುಃಖದ ಮೇಲೆ ದುಃಖ ಬಾರದಂತೆ ದೇವರು ಕರುಣಿಸಿದನು, ಅವನನ್ನು ಕಳುಹಿಸಿದರೆ ನನ್ನ ವ್ಯಥೆಯೂ ಕಡಿಮೆಯಾಗುತ್ತದೆ ಎನ್ನುತ್ತಾನೆ. ಪ್ರೀತಿಸುವವರ ಬಗ್ಗೆ ಎದೆ ಮಿಡಿಯುವುದನ್ನು ಆ ಆಜ್ಞೆ ತೆಗೆದುಹಾಕುವುದಿಲ್ಲ. ಆ ವ್ಯಥೆಯನ್ನು ಕೃತಜ್ಞತೆಯೊಂದಿಗೆ ದೇವರ ಮುಂದೆ ತರಲು ಹೇಳುತ್ತದೆ. ಆ ‘ಕೃತಜ್ಞತೆಯೊಂದಿಗೆ’ ಎಂಬುದು ಹೆಚ್ಚಿನವರು ಬಿಟ್ಟುಬಿಡುವ ಭಾಗ. ಬೇಡಿಕೆಯ ಸಾಲಿಗೆ ಮೊದಲು, ಕಳೆದ ಮಳೆಗಾಲದಲ್ಲಿ ಉಳಿಸಿಕೊಟ್ಟದ್ದೊಂದನ್ನು ಹೆಸರಿಟ್ಟು ಬರೆಯಲಿ.

---

ಅಡಿಕೆ ಸೀಮೆ (ಹೊಸನಗರ):

ಕಾಲುಸಂಕದ ಮಾತು ಹಾಗೇ ಉಳಿಯಿತು. ಮಕ್ಕಳಿಗೆ ‘ದೇವರಿದ್ದಾನೆ, ಹೆದರಬೇಡ’ ಎಂದು ಹೇಳಿ ತುಂಬಿದ ಹಳ್ಳ ದಾಟಿಸುವುದು ಬೇಡ. ಅಂಥ ದಿನ ಶಾಲೆಗೆ ರಜೆ ಎಂದು ಮನೆಯವರೇ ತೀರ್ಮಾನಿಸಲಿ, ಶಿಕ್ಷಕರಿಗೆ ಫೋನ್ ಮಾಡಲಿ. ನೀರು ಸಂಕದ ಮರಕ್ಕೆ ತಾಗಿತೆಂದರೆ ದೊಡ್ಡವರೂ ದಾಟಬಾರದು. ಮೇ ತಿಂಗಳಲ್ಲಿ ಕೂಟದ ಗಂಡಸರು ಸೇರಿ ಸಂಕದ ಕೊಳೆತ ಮರ ಬದಲಿಸಿ, ಎದೆಯ ಎತ್ತರಕ್ಕೆ ಎರಡೂ ಕಡೆ ಹಿಡಿಕೆಯ ಹಗ್ಗವೋ ಬಿದಿರೋ ಕಟ್ಟಲಿ, ಪಾಚಿ ಕೆರೆದು ಮರಳು ಉಜ್ಜಲಿ. ನೆಹೆಮೀಯ 4ನೇ ಅಧ್ಯಾಯವನ್ನು ಅಲ್ಲೇ ದಂಡೆಯ ಮೇಲೆ ಓದಬಹುದು. ಹಳೆಯ ಸಂಕಕ್ಕೆ ಬದಲು ಕಿರುಸೇತುವೆ ಬೇಕೆಂದು ಗ್ರಾಮಸಭೆಯಲ್ಲಿ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಮಳೆ ಶುರುವಾದ ಮೇಲೆ ಕೊಟ್ಟ ಅರ್ಜಿಗೆ ಆ ವರ್ಷ ಕೆಲಸ ಆಗುವುದಿಲ್ಲ.